ಪೂವಪ್ಪನ ಎಡೆಗೆ ಸಿಗದ ಮೀನಿನ ಮೊಟ್ಟೆ

ಆಟಿ ತಿಂಗಳು, ಅಂದರೆ ಆಷಾಢ, ಬಂತೆಂದರೆ ಮುಂಬೈ ಹತ್ತಿರದ ಡೊಂಬಿವಲಿಯ ಪೂವಪ್ಪ ತೀರಿಹೋದ ಹೆಂಡತಿಗೆ ಎಡೆ ಇಡುತ್ತಾನೆ. ಬಾಳೆಲೆಯಲ್ಲಿ ಏನಿರಲಿ ಬಿಡಲಿ, ಹುರಿದ ಮೀನಿನ ಮೊಟ್ಟೆ ಇರಲೇಬೇಕು. ಅವಳಿಗೆ ಅದೆಂದರೆ ಪ್ರಾಣ. ಮಳೆಗಾಲದಲ್ಲಿ ಕಡಲಿಗೆ ದೋಣಿ ಇಳಿಯದು. ಹಾಗಾಗಿ ಊರಂಚಿನ ಖಾಡಿಯಲ್ಲಿ, ಕಡಲ ಹಿನ್ನೀರಿನಲ್ಲಿ, ಬಲೆ ಹಾಕುವ ಕಾಶಿನಾಥನೇ ಪ್ರತಿ ವರ್ಷ ಹೊಟ್ಟೆ ತುಂಬ ಮೊಟ್ಟೆಯಿದ್ದ ಬೋಯಿ ಮೀನು ತಂದುಕೊಡುತ್ತಿದ್ದ.

ಈ ಸಲ ಐದು ಮೀನು ತಂದ. ಸೊಸೆ ದಿಶಾ ಒಂದೊಂದನ್ನೇ ಸೀಳಿದಳು. ಐದರಲ್ಲೂ ಮೊಟ್ಟೆ ಇರಲಿಲ್ಲ. ಮೂರು ವರ್ಷದಿಂದ ಮೊಟ್ಟೆಯ ಮೀನು ಕಡಿಮೆಯಾಗುತ್ತಲೇ ಬಂದಿದೆ, ಈಗ ಬಲೆಗೆ ಮರಿಗಳೂ ಬೀಳುತ್ತಿಲ್ಲ, ಅದಕ್ಕೇ ಮಗನನ್ನು ಭಿವಂಡಿಯ ಗೋದಾಮಿಗೆ ಕೆಲಸಕ್ಕೆ ಕಳಿಸಿದೆ ಎಂದು ಹೇಳಿ ಕಾಶಿನಾಥ ತಲೆ ತಗ್ಗಿಸಿ ಹೋದ.

ಕಾಲವೇ ಕೆಟ್ಟಿದೆ ಎಂದು ಪೂವಪ್ಪ ಗೊಣಗಿದ. ಕಾಲೇಜೊಂದರ ಮೀನಿನ ಲ್ಯಾಬಿನಲ್ಲಿ ಕೆಲಸ ಮಾಡುವ ದಿಶಾಗೆ ಸುಮ್ಮನಿರಲಾಗಲಿಲ್ಲ.

"ಮಾವ, ಮೊಟ್ಟೆ ಬಲಿಯಲಿಕ್ಕೆ ಮೀನಿನ ಮೈಯಲ್ಲಿ ಹಾರ್ಮೋನು ಸರಿ ಇರಬೇಕು. ಬೋಯಿ ಕೆಸರು ಮೇಯುವ ಮೀನು. ಕೆಸರಲ್ಲಿ ಕೂತ ಕೆಮಿಕಲ್ ಆ ಹಾರ್ಮೋನನ್ನೇ ಕೆಡಿಸ್ತದೆ. ಮೀನು ಬದುಕಿರ್ತದೆ, ಸಂತಾನ ನಿಲ್ತದೆ."

"ದಿನಕ್ಕೆ ಎರಡು ಸಲ ಇಳಿತ ಉಂಟಲ್ಲ? ಎಲ್ಲ ಕಡಲಿಗೆ ಹೋಗ್ತದೆ." ಉಡುಪಿಯ ಕಡಲ ತೀರದಲ್ಲಿ ಹುಟ್ಟಿದವನಿಗೆ ಇಳಿತದ ಮೇಲೆ ಅಷ್ಟು ನಂಬಿಕೆ.

"ನೀರು ಹೋಗ್ತದೆ ಮಾವ. ವಿಷ ಕೆಸರಲ್ಲೇ ಕೂತ್ಕೊಳ್ತದೆ."

ಕಾರ್ಖಾನೆಗಳ ಖಾಲಿ ಕೆಮಿಕಲ್ ಡ್ರಮ್ಮು ತಂದು, ತೊಳೆದು ಮಾರುವುದು ಪೂವಪ್ಪನ ಕಸುಬು. ಇಪ್ಪತ್ತೆರಡು ವರ್ಷ ಆ ನೀರನ್ನು ಮನೆ ಹಿಂದೆ ಖಾಡಿಗೆ ಹರಿಯುವ ದೊಡ್ಡ ಚರಂಡಿ ನಾಲಾಕ್ಕೆ ಬಿಟ್ಟಿದ್ದಾನೆ, ಅದೂ ಇಳಿತದ ಹೊತ್ತು ನೋಡಿ, ಬೇಗ ಹೋಗಲಿ ಎಂದು. ಹೆಂಡತಿಯ ಇಷ್ಟದ ಮೀನಿಗೆ ತಾನೇ ವಿಷ ಹಾಕಿದೆನಲ್ಲ ಎಂದು ಅವನಿಗೆ ಹೊಳೆಯಿತು. ತಾನೊಬ್ಬನೇ ಅಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ, ಆಗಲಿಲ್ಲ.

"ಇನ್ನು ಇಲ್ಲಿ ತೊಳೆಯುವುದಿಲ್ಲ. ತೊಳೆಯಲಿಕ್ಕೆ ಪರವಾನಗಿ ಇದ್ದವರಿಗೇ ಡ್ರಮ್ಮು ಕೊಡ್ತೇನೆ," ಎಂದ. "ಕೆಸರು ಯಾವಾಗ ಸರಿ ಆಗ್ತದೆ?"

"ನಿಮ್ಮ ಕಾಲಕ್ಕೆ ಆಗ್ತದೋ ಇಲ್ವೋ ಗೊತ್ತಿಲ್ಲ ಮಾವ. ಆದರೆ ನಾವು ಬಿಡುವುದು ಮೊದಲು ನಿಲ್ಲಬೇಕು."

ಪೂವಪ್ಪ ಎಲೆ ಹಾಸಿ ಅನ್ನ, ಸಾರು, ಪಲ್ಯ ಬಡಿಸಿದ. ಮೊಟ್ಟೆ ಇಡುವ ಮೂಲೆಯನ್ನು ಹಾಗೇ ಬಿಟ್ಟು, ತಪ್ಪಾಯ್ತು ಮಾರಾಯ್ತಿ ಎಂದು ಕೈ ಮುಗಿದು ಅತ್ತ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಡ್ರಮ್ಮು ತೊಳೆದ ನೀರು, ಬಣ್ಣ, ಥಿನ್ನರ್, ಹಳೆಯ ಎಂಜಿನ್ ಎಣ್ಣೆ ಯಾವುದನ್ನೂ ನಾಲಾಕ್ಕೆ ಸುರಿಯಬೇಡಿ. ಪರವಾನಗಿ ಇರುವ ತ್ಯಾಜ್ಯ ಸಂಗ್ರಹದವರಿಗೆ ಕೊಡಿ. ಸುರಿಯುವವರನ್ನು ಕಂಡರೆ ಪಾಲಿಕೆಗೆ ತಿಳಿಸಿ. ಪೂವಪ್ಪನ ಎಲೆಯ ಆ ಮೂಲೆ ಇನ್ನೂ ಖಾಲಿ ಇದೆ.