ಹಗ್ಗವಲ್ಲ, ಮೊಣಕಾಲು

ಬೆರಿಲ್‌ಳ ಮಂಡಿ ಕಟಕ್ ಎಂದಿತು, ಎನ್ನಲಿ ಬಿಡು, ಒಳ್ಳೆಯ ಕಾಲು ಮೊದಲು, ಎಡಗಾಲು, ಆಮೇಲೆ ಈ ಹಾಳಾದ ಬಲಗಾಲು, ಎರಡೂ ಒಂದೇ ಮೆಟ್ಟಿಲಿಗೆ ಬಂದ ಮೇಲೆ ಒಂದು ಉಸಿರು, ಮತ್ತೆ ಎಡಗಾಲು — ಗೋಪುರದ ಸುತ್ತುಮೆಟ್ಟಿಲಿನ ತುಂಬ ಪಾರಿವಾಳದ ಹಿಕ್ಕೆಯ ವಾಸನೆ, ಹಸಿ ಕಲ್ಲಿನ ವಾಸನೆ, ಗೋಡೆಗೆ ಬಿಗಿದ ಹಿಡಿಹಗ್ಗ ಅಂಗೈಗಳ ಬೆವರು ಕುಡಿದು ನುಣುಪಾಗಿದೆ, ಇದನ್ನು ಬಿಗಿದವಳೂ ನೆಸ್ಟಾಳೇ, ಈ ಚರ್ಚಿನಲ್ಲಿ ಗಂಟೆಯ ಹಗ್ಗದ ಕೆಲಸವೆಂದರೆ ನೆಸ್ಟಾ, ಹರಿದದ್ದನ್ನು ಹೆಣೆದು ಜೋಡಿಸುವುದು, ಎಳೆ ಬಿಟ್ಟದ್ದನ್ನು ಇಳಿಸುವುದು, ಆ ನೆಸ್ಟಾ ಈಗ ಕೆಳಗೆ ಶವಪೆಟ್ಟಿಗೆಯಲ್ಲಿ ಮಲಗಿದ್ದಾಳೆ, ಮೇಲೆ ಲಿಲಿ ಹೂವು ಬೇರೆ, ಅವಳಿಗೆ ಲಿಲಿ ಕಂಡರೇ ಆಗುತ್ತಿರಲಿಲ್ಲ, ಯಾರೂ ಕೇಳಲಿಲ್ಲ, ಬೆರಿಲ್‌ಳನ್ನು ಕೇಳಿದ್ದರೆ ಹೇಳುತ್ತಿದ್ದಳು. ಕೇಳುವ ಬದಲು ರೋಲಂಡ್ ಗೋಪುರದ ಬಾಗಿಲಿಗೇ ಅಡ್ಡ ನಿಂತ, ಗಂಟೆ ಬಾರಿಸುವ ತಂಡದ ಮುಖ್ಯಸ್ಥನಂತೆ, ಇವನಿಗೆ ಹಗ್ಗ ಹಿಡಿಯಲು ಕಲಿಸಿದವರು ಯಾರು, ಇವಳೇ, ಇವಳಿಗೇ ಹೇಳುತ್ತಾನೆ, ಬೆರಿಲ್, ಸುಮ್ನೆ ಹಟ ಮಾಡ್ಬೇಡಿ, ಪಕ್ಕದೂರಿಂದ ಒಬ್ಬರನ್ನ ಕರ್ಸಿದೀನಿ, ನಿಮ್ ಗಂಟೆ ಅವರು ನೋಡ್ಕೋತಾರೆ, ನೀವು ಆರಾಮಾಗಿ ಮುಂದಿನ ಸಾಲಲ್ಲಿ ಕೂತ್ಕೊಳ್ಳಿ, ಮೆತ್ತೆ ಹಾಕ್ಸಿದೀನಿ. ಮೆತ್ತೆಯಂತೆ, ಅವನ ಮೆತ್ತೆಗಿಷ್ಟು ಬೆಂಕಿ ಹಾಕ. ಗಂಟೆ ಬಾರಿಸುವವರು ಸತ್ತರೆ ಗಂಟೆಯ ನಾಲಿಗೆಯ ಒಂದು ಬದಿಗೆ ತೊಗಲು ಕಟ್ಟುತ್ತಾರೆ, ಒಂದು ಹೊಡೆತ ಗಟ್ಟಿಯಾಗಿ, ಮರುಹೊಡೆತ ಬೆಟ್ಟದಾಚೆಯಿಂದ ಬಂದಂತೆ ಮಂದವಾಗಿ, ಮತ್ತೆ ಸತ್ತವರ ಗಂಟೆಯನ್ನು ಯಾರೂ ಮುಟ್ಟುವುದಿಲ್ಲ, ಅದರ ಸರದಿ ಬಂದಾಗ ಸದ್ದೇ ಇಲ್ಲ. ಗೋಪುರದ ಆರು ಗಂಟೆಗಳಲ್ಲಿ ನೆಸ್ಟಾಳದು ಮೂರನೆಯದು, ಬೆರಿಲ್‌ಳದು ಎರಡನೆಯದು, ಮದುವೆಗೆ, ಕ್ರಿಸ್‌ಮಸ್‌ಗೆ, ಯಾರ್ಯಾರ ಸಾವಿಗೋ, ಎರಡರ ಬೆನ್ನಿಗೇ ಮೂರು, ನಲವತ್ತು ವರ್ಷ ಮೊಣಕೈಗೆ ಮೊಣಕೈ ತಾಗುವಂತೆ ನಿಂತವರು, ಇವತ್ತು ಮೂರನೆಯದರ ಆ ಖಾಲಿ ಜಾಗದ ಅಂಚಿನವರೆಗೆ ಅವಳನ್ನು ಕಳಿಸಿಬರುವುದು ಪಕ್ಕದೂರಿನವನೇನು, ಹೆಸರೂ ಗೊತ್ತಿಲ್ಲದವನು. ದಾರಿ ಬಿಡು ರೋಲಂಡ್, ನನ್ ಮಂಡಿ ನನ್ದು, ನನ್ನನ್ನ ಹೊತ್ಕೊಂಡ್ ಹೋಗು ಅಂದ್ನಾ ನಾನು. ಬಿಟ್ಟ, ಆದರೆ ಹಿಂದೆಯೇ ಬರುತ್ತಿದ್ದಾನೆ, ಬಿದ್ದರೆ ಹಿಡಿಯೋಣವೆಂದು ಕೈ ಚಾಚಿಕೊಂಡು, ಅದು ಅವಳ ಬೆನ್ನಿಗೇ ಗೊತ್ತಾಗುತ್ತಿದೆ.

ಕಟಕ್. ತನಗೂ ನೆಸ್ಟಾಳಿಗೂ ಈ ಮಂಡಿನೋವು ಒಂದೇ ಚಳಿಗಾಲದಲ್ಲಿ ಶುರುವಾದದ್ದು, ಬೆಳಿಗ್ಗೆ ಎದ್ದರೆ ಕಾಲು ಮರದ ಕೊರಡು, ಕೆಟಲ್ ಕುದಿಯುವ ಹೊತ್ತಿಗೆ ಸಡಿಲ, ಸಂಜೆಗೆ ಊತ, ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದರು, ಇಲ್ಲಿ ಜಾಗ ಇರ್ಬೇಕಿತ್ತು ನೋಡಿ, ಕೀಲಿನ ಸಂದು ಕಿರಿದಾಗಿದೆ, ಸವೆತ, ವಯಸ್ಸು. ಸವೆತ ಎಂಬ ಒಂದು ಮಾತು ಸಾಕಾಯಿತು ನೆಸ್ಟಾಳಿಗೆ, ಹಗ್ಗದವಳಲ್ಲವೇ, ನೋಡೇ ಬೆರಿಲ್, ಹಗ್ಗ ಎಲ್ಲಿ ಉಜ್ಜುತ್ತೋ ಅಲ್ಲೇ ಸವೆಯೋದು, ಸವೆದ ಹಗ್ಗಾನ ಏನ್ಮಾಡ್ತೀವಿ, ಇಳಿಸಿ ಮೊಳೆಗೆ ನೇತು ಹಾಕ್ತೀವಿ, ಇನ್ನೂ ಎಳೆದ್ರೆ ಕಿತ್ತು ಕೈಗೇ ಬರುತ್ತೆ, ಮಂಡೀನೂ ಅಷ್ಟೇ ಕಣೇ, ಉಳಿಸ್ಕೋಬೇಕು. ಉಳಿಸಿಕೊಂಡಳು, ಕಿಟಕಿ ಪಕ್ಕದ ಕುರ್ಚಿ, ಮಣೆಯ ಮೇಲೆ ಕಾಲು, ಕಾಲಿನ ಮೇಲೆ ಕಂಬಳಿ. ಬೆರಿಲ್‌ಳೂ ನಂಬಿದ್ದಳು, ನಂಬದೆ ಏನು, ಗೋಪುರದವರಿಗೆ ಹಗ್ಗದ ಲೆಕ್ಕವೇ ಲೆಕ್ಕ, ಸವೆದು ಬೋಳಾದ ಹಗ್ಗಕ್ಕೆ ಮರ್ಯಾದೆ ಕೊಟ್ಟು ಇಳಿಸುತ್ತಾರೆ, ಇವಳೂ ಇಳಿಯುತ್ತಿದ್ದಳೋ ಏನೋ, ಆ ಇಮೋಜೆನ್ ಸಿಗದಿದ್ದರೆ, ಊರ ಸಭಾಂಗಣದಲ್ಲಿ ಮಂಡಿನೋವಿನವರಿಗೆ ವ್ಯಾಯಾಮ ಹೇಳಿಕೊಡುವ ಹುಡುಗಿ, ಕೆಂಪು ಬೂಟು, ಬಾಯಿ ಜೋರು. ಅಯ್ಯೋ, ಮಂಡಿ ಹಗ್ಗ ಅಲ್ಲ ಬೆರಿಲ್, ಹಗ್ಗ ಸತ್ತ ವಸ್ತು, ಇದು ಜೀವ ಇರೋದು, ಮೂಳೆ ತುದಿಯ ಆ ಮೆತ್ತನೆ ಪದರಕ್ಕೆ ರಕ್ತನಾಳ ಇಲ್ಲ, ಒತ್ತಿ ಒತ್ತಿ ಬಿಟ್ರೇನೇ ಅದಕ್ಕೆ ಊಟ, ನೀವು ಕೂತ್ರೆ ಅದು ಉಪವಾಸ. ಕೈ ಊರದೆ ಕುರ್ಚಿಯಿಂದ ಎದ್ದೇಳು, ಕೂರು, ಎದ್ದೇಳು, ತೊಡೆ ನಡುಗುತ್ತಿತ್ತು, ಮಾನ ಹೋಗುವಂತೆ ಏದುಸಿರು, ತೊಡೆ ಗಟ್ಟಿಯಾದ್ರೆ ಮಂಡಿಗೆ ಭಾರ ಕಮ್ಮಿ, ಮೈ ಇಳಿದ್ರೂ ಕಮ್ಮಿ, ಸ್ಕೋನ್ ಬನ್ನಿನ ಮೇಲಿನ ಕೆನೆ ಬಿಡ್ಬೇಕಾಗುತ್ತೆ. ಕೆನೆ ಬಿಟ್ಟಳು, ಅದಕ್ಕೆ ಇನ್ನೂ ಹೊಟ್ಟೆ ಉರಿಯುತ್ತದೆ. ನೋವಾದ್ರೆ, ಎಂದು ಕೇಳಿದ್ದಳು, ಆಗ್ಲಿ, ತಡೆಯೋವಷ್ಟು ಇದ್ರೆ ಆಗ್ಲಿ, ನಾಳೆ ಬೆಳಿಗ್ಗೆಗೆ ಮಾಮೂಲಿಗೆ ಇಳಿದ್ರೆ ಅದು ಕೆಡುಕಿನ ನೋವಲ್ಲ. ಆ ಮಾತನ್ನು ಹಾಗೆಯೇ ನೆಸ್ಟಾಳಿಗೆ ಒಯ್ದಳು, ಒಂದು ಸಲವಲ್ಲ, ಬೇಡಿಕೊಂಡಳು, ಬಾರೇ, ಒಂದೇ ಒಂದು ದಿನ ಬಾ. ನಿನಗೇನ್ ಹುಚ್ಚಾ, ಸವೆದಿದ್ದನ್ನೇ ಮತ್ತೆ ಸವೆಸೋದಾ, ಬಿಸ್ಕತ್ತು ತಗೋ.

ಸಾಕು, ಒಂದು ಗಳಿಗೆ, ಗೋಡೆಗೆ ಹೆಗಲು. ಮಂಡಿಯೊಳಗೆ ಯಾರೋ ಬಿಸಿ ಮಳೆ ತಿರುವುತ್ತಿದ್ದಾರೆ — ಮಳೆಯಲ್ಲ ಮೊಳೆ, ತಲೆಯೂ ತಡವರಿಸುತ್ತಿದೆ — ಬೆರಿಲ್, ಇಳಿಯೋಣ್ವಾ, ರೋಲಂಡ್, ಪಾಪ, ಅವನಿಗೇ ಏದುಸಿರು. ಇಳಿಯೋದಕ್ಕೆ ಹತ್ತೋದಕ್ಕಿಂತ ಜಾಸ್ತಿ ನೋವು, ಗೊತ್ತಿಲ್ಲ ನಿನಗೆ, ಆಮೇಲೆ ಆಪರೇಷನ್ ಗೀಪರೇಷನ್ ಅನ್ಬೇಡ, ಆ ದಿನ ಬಂದ್ರೆ ಅದನ್ನೂ ಮಾಡಿಸ್ಕೋತೀನಿ, ಇವತ್ತು ಆ ದಿನ ಅಲ್ಲ. ನೆಸ್ಟಾಳ ಮೇಲೆ ಸಿಟ್ಟು ಬರುತ್ತದೆ, ಸತ್ತವಳ ಮೇಲೆ, ಬರಲಿ, ಮಂಡಿನೋವಿನಿಂದ ಯಾರೂ ಸಾಯುವುದಿಲ್ಲ ಕಣೇ, ಕೂತು ಕೂತು ಮೈ ಬೆಳೆಯಿತು, ಉಸಿರು ಕುಗ್ಗಿತು, ಬಾಗಿಲವರೆಗೆ ನಡೆದರೆ ಎದೆ ಹಿಡಿಯುವಂತಾಯಿತು, ಕೊನೆಗೆ ಎದೆಬಡಿತವೇ ನಿಂತಿತು, ಮಂಡಿಯನ್ನು ಮಾತ್ರ ಚೆನ್ನಾಗಿ ಉಳಿಸಿಕೊಂಡಳು. ಗೋಡೆಯ ಸೀಳುಕಿಂಡಿಯಾಚೆ ಅವಳ ಮನೆಯ ಹೆಂಚು, ಆ ಕಿಟಕಿ, ಗಂಟೆ ಬಾರಿಸುವ ಅಭ್ಯಾಸದ ಒಂದು ಗುರುವಾರ, ತಾನು ತಡವಾಗಿ ಬರುತ್ತಿದ್ದಾಗ ಕಂಡದ್ದು — ಗೋಪುರದಲ್ಲಿ ಗಂಟೆ ಆಗಲೇ ಶುರು, ದೀಪದ ಬೆಳಕಿನಲ್ಲಿ ನೆಸ್ಟಾ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಕಂಬಳಿಯ ಮೇಲೆ ಎರಡು ಕೈ ಮೇಲೇರುತ್ತವೆ, ಏನನ್ನೋ ಹಿಡಿಯುತ್ತವೆ, ಎಳೆಯುತ್ತವೆ, ಮೂರನೆಯ ಗಂಟೆಯ ಹೊಡೆತ ಬೀಳುವ ಸರಿಯಾದ ಕ್ಷಣಕ್ಕೆ. ಬೇಡ, ಈಗ ಅದು ಬೇಡ. ಎಡಗಾಲು. ಬಲಗಾಲು.

ಬೆಳಕು, ಹಲಗೆಯ ನೆಲ, ತಿರುಗಿದ ಮುಖಗಳು, ಪಕ್ಕದೂರಿನವನು ಎರಡನೆಯ ಹಗ್ಗ ಹಿಡಿದೇ ನಿಂತಿದ್ದಾನೆ, ಒಳ್ಳೆಯ ಮನುಷ್ಯನಂತೆ ಕಾಣುತ್ತಾನೆ, ಸ್ವಲ್ಪ ಸರ್ಕೊಳ್ಳಪ್ಪ, ಅದು ನನ್ದು, ಅವನು ಸರಿದ, ಯಾರೋ ಸ್ಟೂಲು ತಂದರು, ಅದನ್ನ ಆಚೆ ಇಡಿ, ಈ ಕೋಣೇಲಿ ಯಾರಾದ್ರೂ ಕೂತು ಬಾರ್ಸಿದಾರಾ. ಕಾಲು ಅಗಲಿಸಿ ನಿಂತಳು, ಮಂಡಿ ಉರಿಯಲಿ, ನಾಳೆ ಬೆಳಿಗ್ಗೆ ನೋಡಿಕೊಂಡರಾಯಿತು, ಹಗ್ಗದ ಉಣ್ಣೆಯ ಹಿಡಿ ಅಂಗೈಗೆ ಬಂತು, ಪಕ್ಕದಲ್ಲಿ ಮೂರನೆಯ ಹಗ್ಗವನ್ನು ಸುತ್ತಿ ಕಟ್ಟಿದ್ದಾರೆ, ಅತ್ತ ನೋಡಬಾರದು. ರೋಲಂಡ್ ಹೂಂ ಎಂದ. ಒಂದು, ಎರಡು, ಸದ್ದಿಲ್ಲ, ನಾಲ್ಕು, ಐದು, ಆರು. ಮರುಹೊಡೆತ, ತೊಗಲಿನದು, ದೂರದ್ದು, ಒಂದು, ಎರಡು, ಸದ್ದಿಲ್ಲ. ಬಂದೆ ನೋಡೇ, ಹತ್ತಿ ಬಂದೆ, ಕಿತ್ತು ಕೈಗೆ ಬರಲಿಲ್ಲ, ಕೇಳಿಸ್ತಾ, ಹತ್ತಿಸಬಹುದಿತ್ತಲ್ಲೇ ನಿನ್ನನ್ನೂ, ಒಂದು, ಎರಡು, ಸದ್ದಿಲ್ಲ, ಸದ್ದಿಲ್ಲದ ಆ ಜಾಗದಲ್ಲಿ ನೆಸ್ಟಾಳ ಕಂಬಳಿಯ ಮೇಲೆ ಎರಡು ಕೈ, ನಾಲ್ಕು, ಐದು, ಆರು, ಒಂದು, ಎರಡು, ಗಾಳಿಯನ್ನು ಹಿಡಿದು ಎಳೆಯುವ ಆ ಕೈ, ನಾಲ್ಕು, ಐದು, ಆರು, ಒಂದು, ಎರಡು, ಆ ಕೈ, ಎಲ್ಲೂ ಒಂದಿಷ್ಟೂ ತಡವಿಲ್ಲದ ಆ ಕೈ, ಆ ಕೈ —