ದೀಪ ಹಚ್ಚೂಕಿಂತ ಮೊದಲೋ, ಆಮ್ಯಾಲೋ

ಹಾನಗಲ್ಲಿನ ಶಿದ್ಲಿಂಗಪ್ಪ ಮಾಸ್ತರಿಗೆ ಯಾವ ಕಾಲದ ತಾರೀಖರ ಹೇಳ್ರಿ, ಶಕೆದ್ದು, ಹಿಜರಿದು, ಇಂಗ್ಲೀಷಿಂದು, ಆವತ್ತ ಯಾವ ವಾರ ಅಂತ ಹೇಳೂಕಿಂತ ಮೊದಲ ಅವರು ಒಂದ ಮಾತ ಕೇಳ್ತಿದ್ರು: "ದೀಪ ಹಚ್ಚೂಕಿಂತ ಮೊದಲೋ, ಆಮ್ಯಾಲೋ?"

ನಾ ಅರವತ್ತೊಂದರ ಬ್ಯಾಸಿಗಿ ಸೂಟಿಗೆ ಊರಿಗೆ ಬಂದಾಕಿ, ಹುಬ್ಬಳ್ಳಿ ಕಾಲೇಜಿನ್ಯಾಗ ಇಂಗ್ಲೀಷಿನ್ಯಾಗ ಗಣಿತ ಕಲತು, ವರ್ಷ ಕೂಡಿಸಿ ತಿಂಗಳ ಕೂಡಿಸಿ ಏಳರಿಂದ ಭಾಗಿಸಿದ್ರ ಉಳಿದದ್ದ ವಾರ ಅನ್ನೂದು ತಿಳದು, ಜಗತ್ತ ಗೆದ್ದಂಗ ಕುಣೀತಿದ್ದೆ. ಓಡಿಕೋತ ಮಾಸ್ತರ ಮನಿಗೆ ಹೋದ್ರ, ನನ್ನ ಪೆನ್ಸಿಲ್ ಕಾಗದಕ್ಕ ತಾಗೂದರಾಗ ಅವರ ಹೆಬ್ಬೆರಳು ಉಳಿದ ಬೆರಳಿನ ಗೆಣ್ಣಿನ ಮ್ಯಾಲೆ ಓಡಿ ವಾರ ಮುಟ್ಟಿಬಿಡ್ತಿತ್ತು. ನನಗ ಊಟದ ನೆನಪ ಇರತಿರಲಿಲ್ಲ. ಮಾಸ್ತರು ಎಡಗಾಲ ಎಳಕೋತ ನಡ್ಯಾವರು, ಮೇ ತಿಂಗಳ ಬಿಸಲಾಗೂ ಕರೇ ಕೋಟಿನ ಕುತ್ತಿಗಿ ಗುಂಡಿ ಬಿಚ್ಚತಿರಲಿಲ್ಲ.

"ಸೆಕಿ ಆಗೂದಿಲ್ಲೇನ್ರಿ ಮಾಸ್ತರ?"

"ಆಗಲಿ ಅಂತನ ಹಾಕ್ಕೊಂಡೇನಿ, ತಂಗಿ."

ಆ ಕೋಟು ಹಿರೇಕೆರೂರಿನ ಹತ್ತಿ ವ್ಯಾಪಾರಿ ಪರಮೇಶಪ್ಪ ಹೊಲಿಸಿಕೊಟ್ಟದ್ದು. ಸವಣೂರಿನ ಕುಲಸುಮಬಿಗೆ ಅವರಪ್ಪ ಮದುವ್ಯಾಗ ಒಂದ ಮನಿ ಬರದಕೊಟ್ಟಿದ್ದ. ನಲವತ್ತ ವರ್ಷದ ಮ್ಯಾಲೆ ಆಕಿ ಅಣ್ಣನ ಮಗ ಅದನ್ನ ಪರಮೇಶಪ್ಪಗ ಮಾರಿದ. ಕೇಸ್ ಕೋರ್ಟಿಗೆ ಹೋತು. ಆಕಿ ಕಾಗದದ ಮ್ಯಾಲಕ್ಕ ಮುನಶಿ ಬರದದ್ದು ಹಿಜರಿ ಶವ್ವಾಲ ಹದಿನಾಲ್ಕು, ಶುಕ್ರವಾರ. ಕೆಳಗ ಕುಲಕರ್ಣಿ ಸಾಕ್ಷಿ ಹಾಕಿ ಬರದದ್ದು ಶ್ರಾವಣ ಶುದ್ಧ ಚತುರ್ದಶಿ, ಗುರುವಾರ. ಪರಮೇಶಪ್ಪ ಕರಸಿದ ಮಾಸ್ತರು ಕಟಕಟಿಯೊಳಗ ನಿಂತು ಬೆರಳ ಎಣಿಸಿ, ಆ ಚತುರ್ದಶಿ ಗುರುವಾರನ ಬರ್ತೈತಿ, ಒಂದ ಕಾಗದಕ್ಕ ಎರಡ ವಾರ ಇರೂದಿಲ್ಲ, ಇದು ಖೊಟ್ಟಿ ಕಾಗದ ಅಂದ್ರು.

ಕುಲಸುಮಬಿ ಎದ್ದ ನಿಂತು, "ನಮ್ಮಪ್ಪ ದೀಪ ಹಚ್ಚಿದ ಮ್ಯಾಲೆ ಬರಸ್ಯಾನ್ರಿ, ನಾ ಅಲ್ಲೇ ಇದ್ದೆ" ಅಂದ್ಳಂತ.

"ದೀಪ ಹಚ್ಚಿದ್ರ ವಾರ ಬದಲಾಗ್ತೈತೇನಬೇ?" ಅಂದ್ರಂತ ಮಾಸ್ತರು. ಕೋರ್ಟಿಗೆ ಕೋರ್ಟ ನಕ್ಕಿತಂತ. ಮನಿ ಹೋತು, ಕೋಟು ಬಂತು.

ಮರುವರ್ಷ ರಮಜಾನಿನ ಕಡೀಕ ಆ ಕೋಟಿನ ತೋಳ ಹರದು, ಅಕ್ಬರಸಾಬ ಟೇಲರ ಹತ್ರ ಒಯ್ದು ನಾಳೆ ಕೊಡು ಅಂದಾಗ ಅಂವ, "ನಾಳೆ ಅನಬ್ಯಾಡ್ರಿ ಮಾಸ್ತರ, ಹೊತ್ತ ಮುಣುಗಿದ ಕೂಡಲೇ ನಮಗ ನಾಳೆ ಶುರು ಆಕ್ಕೈತಿ" ಅಂದ. ಮಾಸ್ತರು ಹಿಜರಿ ಕೋಷ್ಟಕ ಪುಸ್ತಕದಾಗ ಬಾಯಿಪಾಠ ಮಾಡಿದವರು. ಆ ಲೆಕ್ಕದ ದಿನ ಎಲ್ಲಿಂದ ಶುರು ಅಂತ ಯಾರನ್ನೂ ಕೇಳಿರಲಿಲ್ಲ. ಗುರುವಾರ ದೀಪ ಹಚ್ಚಿದ ಮ್ಯಾಲೆ ಮುನಶಿಗೆ ಶುಕ್ರವಾರ ಹತ್ತಿತ್ತು, ಕುಲಕರ್ಣಿಗೆ ಇನ್ನೂ ಗುರುವಾರನ ಇತ್ತು. ಇಬ್ಬರೂ ಖರೇನ ಬರದಿದ್ರು. ವಕೀಲ, ಅಪೀಲಿನ ಅವಧಿ ಮುಗದೈತಿ ಅಂದ. ಪರಮೇಶಪ್ಪ ಅಷ್ಟರಾಗ ಮನಿ ಕೆಡವಿ ಹತ್ತಿ ಗೋದಾಮು ಕಟ್ಟಿಸಿದ್ದ.

ಕುಲಸುಮಬಿ ಮುಂದ ಹೋಗಿ ನಿಂದರಾಕ ಮಾಸ್ತರಿಗೆ ಮತ್ತ ಎರಡ ವರ್ಷ ಬೇಕಾತು. ಹೆಣ್ಣಮಗಳ ಮನಿಗೆ ಒಬ್ಬನ ಹ್ಯಾಂಗ ಹೋಗಲಿ ಅಂತ ಆ ಸೂಟ್ಯಾಗ ನನ್ನನ್ನೂ ಕರಕೊಂಡ ಹೋದ್ರು. ಯಲವಿಗಿ ಸ್ಟೇಶನ್ ಹಿಂದ ಒಂದ ಖೋಲಿ. ಕುಲಸುಮಬಿ ಜ್ವಾಳ ಹಸನ ಮಾಡಾಕತ್ತಿದ್ಳು. ಮಾಸ್ತರು ನಿಂತಕೊಂಡ, ಕೋಟಿನಾಗ ಬೆವತು, ಚಂದ್ರ, ಸೂರ್ಯ, ಶವ್ವಾಲ, ಚತುರ್ದಶಿ ಎಲ್ಲಾ ಬಿಡಿಸಿ ಹೇಳಿ, "ನಿನ್ನ ಕಾಗದ ಖರೇ ಇತ್ತವಾ" ಅಂದ್ರು.

"ಆವತ್ತ ನಾನೂ ಅದನ್ನ ಹೇಳಿದ್ನೆಲ್ರಿ" ಅಂದ್ಳು ಆಕಿ, ಮಾರಿ ಎತ್ತದನ. ಮತ್ತೊಂದ ಮುಷ್ಠಿ ಜ್ವಾಳ ಮೊರಕ್ಕ ಹಾಕ್ಕೊಂಡು, "ಐವತ್ತೆಂಟನೇ ಇಸ್ವಿ ಜೂನ್ ಹತ್ತಕ್ಕ ನನ್ನ ಸಾಮಾನ ಬೀದಿಗೆ ಇಟ್ರು. ಯಾವ ವಾರ, ಹೇಳ್ರಿ ನೋಡೂಣು."

ಮಾಸ್ತರ ಹೆಬ್ಬೆರಳು ತಾನ ಹೊಂಟಿತು. ಅವರು ಆ ಕೈ ಕೋಟಿನ ಕಿಸೆದಾಗ ತುರುಕಿದ್ರು. ಆದ್ರ ಅಷ್ಟರಾಗ ನಾ "ಮಂಗಳವಾರ" ಅಂದಬಿಟ್ಟಿದ್ದೆ.

"ಬರೋಬರಿ ಐತಿ" ಅಂದು ಆಕಿ ಜ್ವಾಳದಾಗಿನ ಹರಳ ಆರಿಸಿ ಒಗದ್ಳು.

ಲೆಕ್ಕ ಬಲ್ಲವರು ಸುಳ್ಳ ಹೇಳೂದಿಲ್ಲ, ಲಂಚಕ್ಕ ಬೀಳೂದಿಲ್ಲ, ಎದುರಿನವರ ಮಾತ ಅಷ್ಟ ಕಿವಿಮ್ಯಾಲೆ ಹಾಕ್ಕೊಳ್ಳೂದಿಲ್ಲ. ತಮ್ಮ ಎಣಿಕಿ ಎಲ್ಲಿಂದ ಶುರು ಅಂತ ಅವರು ಕೇಳೂದು ಇನ್ನೊಬ್ಬರ ಮನಿ ಬಿದ್ದ ಮ್ಯಾಲೆ. ಆ ಮಂದಿಯೊಳಗ ನಾನೂ ಒಬ್ಬಾಕಿ ಅನ್ನೂದು ನನಗ ಯಲವಿಗ್ಯಾಗ ತಿಳೀತು, ಮತ್ತ ಆವತ್ತೂ ನನ್ನ ಉತ್ತರ ಸರಿನ ಇತ್ತು.