ರೈಲಕ್ಕನ ಕೀಬೋರ್ಡು

ವಕೀಲರ ಕಚೇರಿಯಲ್ಲಿ ಅವಳನ್ನು ಎಲ್ಲರೂ ರೈಲಕ್ಕ ಎಂದೇ ಕರೆಯುತ್ತಿದ್ದರು. ಟೈಪ್ ಮಾಡಲು ಕೂತಳೆಂದರೆ ವೇಗವೂ ರೈಲಿನದೇ, ಸದ್ದೂ ರೈಲಿನದೇ. ಆ ಹೆಸರಿಗೆ ಅವಳು ಬೇಸರಪಟ್ಟವಳಲ್ಲ, ಒಳಗೊಳಗೇ ಹೆಮ್ಮೆಯಿತ್ತು. ನಾಟಕದ ಮೇಷ್ಟ್ರು ಆ ಹೆಮ್ಮೆಗೆ ತಣ್ಣೀರೆರಚಿದರು.

ಅವಳ ಅಣ್ಣ ಬಡಗಿ. ನಾಟಕ ತಂಡದ ರಂಗಮಂಚ, ಬಾಗಿಲು, ಸಿಂಹಾಸನ ಎಲ್ಲ ಅವನದೇ ಕೈಕೆಲಸ. ವರ್ಷಗಟ್ಟಲೆ ಗರಗಸದ ಯಂತ್ರದ ಪಕ್ಕ ನಿಂತು ಅವನ ಕಿವಿ ಪೂರ್ತಿ ಹೋಗಿತ್ತು. ಆದರೂ ಪ್ರತಿ ನಾಟಕಕ್ಕೂ ಮೊದಲ ಸಾಲಿನಲ್ಲಿ ಹಾಜರ್. ಜನ ನಕ್ಕಾಗ ಅಕ್ಕಪಕ್ಕ ನೋಡಿ ತಾನೂ ನಗುತ್ತಿದ್ದ. ಆ ನಗು ಯಾವಾಗಲೂ ಒಂದು ಗಳಿಗೆ ತಡ. ಅಣ್ಣ ಎಲ್ಲರ ಜೊತೆಗೇ ನಗಬೇಕು, ಅಷ್ಟೇ ರೈಲಕ್ಕನ ಹಟ. ಅದಕ್ಕೇ ಹೊಸ ನಾಟಕದ ಮಾತುಗಳನ್ನು ಆಡುತ್ತಿದ್ದ ಹಾಗೇ ಟೈಪ್ ಮಾಡಿ, ರಂಗದ ಬದಿಯ ಬಿಳಿ ಪರದೆಯ ಮೇಲೆ ಮೂಡಿಸುತ್ತೇನೆಂದು ಮೇಷ್ಟ್ರನ್ನು ಒಪ್ಪಿಸಿದ್ದಳು. ಮೊದಲೇ ಬರೆದಿಡೋಣವೆಂದರೆ, ತಂಡದ ಹಾಸ್ಯನಟ ಬರೆದ ಮಾತನ್ನು ಬರೆದ ಹಾಗೆ ಆಡಿದ ಇತಿಹಾಸವೇ ಇರಲಿಲ್ಲ.

ಮೊದಲ ತಾಲೀಮಿನಲ್ಲೇ ಎಡವಟ್ಟಾಯಿತು. ನಾಯಕ ನಾಯಕಿಯ ಕಿವಿಯಲ್ಲಿ ಪಿಸುಗುಡುತ್ತಿದ್ದರೆ, ರಂಗದ ಮೂಲೆಯ ಮೇಜಿನಿಂದ ಟಕಟಕ, ಟಕಟಕ.

"ಏನಮ್ಮಾ ಇದು, ಇವರು ಪ್ರೀತಿ ಮಾಡ್ತಿದ್ದಾರೋ, ಕುದುರೆ ಓಡಿಸ್ತಿದ್ದಾರೋ?" ಮೇಷ್ಟ್ರು ಎದ್ದು ನಿಂತರು. "ಮುಂದಿನ ತಾಲೀಮಲ್ಲಿ ಸದ್ದು ಕೇಳಿಸ್ತೋ, ಪರದೆ ಬಿಚ್ಚಿಸ್ಬಿಡ್ತೀನಿ."

"ಕೇಳೋದೇ ಇಲ್ಲ ಬಿಡಿ ಮೇಷ್ಟ್ರೇ," ಎಂದಳು ರೈಲಕ್ಕ. ಹೇಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಅಂಥ ಸಣ್ಣಪುಟ್ಟದ್ದಕ್ಕೆಲ್ಲ ಅವಳು ತಲೆ ಕೆಡಿಸಿಕೊಳ್ಳುವವಳಲ್ಲ.

ಮರುದಿನ ಕೀಬೋರ್ಡಿನ ಅಂಗಡಿಗೆ ಹೋದಳು. ಪ್ರತಿ ಕೀಯ ಕೆಳಗೂ ಒಂದೊಂದು ಸ್ವಿಚ್ ಇರುತ್ತದೆ, ಅದನ್ನು ಕಿತ್ತು ಬೇರೆಯದನ್ನು ಕೂರಿಸಬಹುದು ಎಂಬುದು ಅವಳಿಗೆ ಗೊತ್ತಾದದ್ದೇ ಅಲ್ಲಿ. ಅಂಗಡಿಯಾಕೆ ಒಂದು ಪುಟ್ಟ ಹಲಗೆಯ ಮೇಲೆ ಬಣ್ಣಬಣ್ಣದ ಸ್ವಿಚ್ಚುಗಳನ್ನು ಜೋಡಿಸಿಟ್ಟಿದ್ದಳು. ರೈಲಕ್ಕ ನೀಲಿಯದನ್ನು ಒತ್ತಿದಳು. ಚಿಟಕ್! ಅವಳ ಮುಖ ಊರಗಲವಾಯಿತು.

"ನಾಟಕಕ್ಕೆ ಅಂದ್ರಲ್ಲ ಮೇಡಂ," ಅಂಗಡಿಯಾಕೆ ನಕ್ಕಳು, "ಇದು ತಗೊಂಡ್ರೆ ನಿಮಗೂ ಒಂದು ಪಾತ್ರ ಕೊಡಬೇಕಾಗುತ್ತೆ."

ಮನಸ್ಸಿಲ್ಲದ ಮನಸ್ಸಿನಿಂದ ನೀಲಿಯನ್ನು ಬಿಟ್ಟಳು. ಕೆಂಪು ಬಲು ಹಗುರ. ಬೆರಳು ಸುಮ್ಮನೆ ಇಟ್ಟರೂ ಅಕ್ಷರ ಬೀಳುತ್ತಿತ್ತು. ಕಂದು ಸ್ವಿಚ್ಚಿನಲ್ಲಿ ಚಿಟಕ್ ಇರಲಿಲ್ಲ, ಅರ್ಧ ದಾರಿಗೆ ಒಂದು ಸಣ್ಣ ಉಬ್ಬು ಬೆರಳಿಗೆ ತಾಗುತ್ತಿತ್ತು. ಕೊನೆಯದು ಬಿಳಿ. ಒಳಗೆ ರಬ್ಬರಿನ ಮೆತ್ತೆಯಿತ್ತು. ಒತ್ತಿದರೆ ಸದ್ದೂ ಇಲ್ಲ, ಉಬ್ಬೂ ಇಲ್ಲ.

"ಇದೇ!" ಎಂದಳು ರೈಲಕ್ಕ.

"ಒಂದು ಬೆರಳಲ್ಲಿ ಒತ್ತಿ ನೋಡೋದೇ ಬೇರೆ, ಹತ್ತು ಬೆರಳಲ್ಲಿ ಹೊಡೆಯೋದೇ ಬೇರೆ. ಕಂದೂ ತಗೊಂಡು ಹೋಗಿ, ಬೇಡವಾದ್ರೆ ವಾಪಸ್ ಕೊಡಿ."

ರೈಲಕ್ಕ ದೊಡ್ಡ ಮನಸ್ಸು ಮಾಡಿ ಆ ಪೊಟ್ಟಣವನ್ನೂ ಚೀಲಕ್ಕೆ ಹಾಕಿಕೊಂಡಳು. ಮನೆಯಲ್ಲಿ ಹಾಸಿಗೆಯ ಮೇಲೆ ಕೂತು, ತೊಡೆಯ ಮೇಲೆ ದಿಂಬು, ಅದರ ಮೇಲೆ ಕೀಬೋರ್ಡು ಇಟ್ಟು ಬಿಳಿ ಸ್ವಿಚ್ಚುಗಳನ್ನು ಕೂರಿಸಿ ಪರೀಕ್ಷಿಸಿದಳು. ಪಿಟ್ಟೆನ್ನಲಿಲ್ಲ. ಗೆದ್ದೆ ಎಂದುಕೊಂಡಳು.

ತಾಲೀಮಿನ ದಿನ ಪಿಸುಮಾತಿನ ದೃಶ್ಯ ಬಂತು. ಟಕಟಕ ಹೋಗಿತ್ತು. ಅದರ ಬದಲು ರಂಗದ ಹಲಗೆಯೇ ದಬದಬ ಎನ್ನತೊಡಗಿತು. ನಾಯಕಿ ಮಾತು ಮರೆತು ತನ್ನ ಕಾಲ ಕೆಳಗೆ ನೋಡಿದಳು. ಮೇಷ್ಟ್ರು ಕೈಯೆತ್ತಿ ಆಟ ನಿಲ್ಲಿಸಿದರು. ಇದೊಂದೂ ತಿಳಿಯದೆ ಮೊದಲ ಸಾಲಿನಲ್ಲಿ ಕೂತಿದ್ದ ಅಣ್ಣ, ಏನಾಯಿತೆಂದು ಹುಬ್ಬೇರಿಸಿ ಕೇಳಿದ. ರೈಲಕ್ಕ ಗಡಿಬಿಡಿಯಲ್ಲಿ ಅವನಿಗೆಂದು ಟೈಪ್ ಮಾಡಿದಳು:

"ಸದ್ದಿಲ್ಲದ್ದೇ ಹಾಕಿದೀನಿ ಅಣ್ಣಾ, ಆದ್ರೂ ಸದ್ದು ಬರ್ತಿದೆ. ಮೇಷ್ಟ್ರು ಮೂತಿ ನೋಡು, ಸುಟ್ಟ ಬದನೆಕಾಯಿ."

ಬೆರಳೆತ್ತಿದ ಮೇಲೆ ನೆನಪಾಯಿತು, ಪರದೆ ಇಡೀ ತಂಡಕ್ಕೆ ಕಾಣುತ್ತದೆಂದು. ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದರು. ಮೇಷ್ಟ್ರು ಕನ್ನಡಕ ಏರಿಸಿ ಎರಡೆರಡು ಸಲ ಓದಿದರು. "ಟೀ ಕುಡಿದು ಬರ್ತೀನಿ. ಅಷ್ಟರಲ್ಲಿ ಸರಿಯಾಗದಿದ್ರೆ ಬದನೆಕಾಯಿ ಏನು ಮಾಡುತ್ತೆ ನೋಡ್ತೀಯಂತೆ," ಎಂದು ಹೊರಟರು.

ಅಣ್ಣ ರಂಗ ಹತ್ತಿ ಬಂದು ತನ್ನ ಅಂಗೈಯನ್ನು ಹಲಗೆಯ ಮೇಲಿಟ್ಟ. ಟೈಪ್ ಮಾಡು ಎಂದು ಸನ್ನೆ ಮಾಡಿದ. ಆಮೇಲೆ ಮೇಜಿನ ಮೇಲಿಟ್ಟ. ತನ್ನ ದನಿ ತನಗೇ ಕೇಳದವನಾದ್ದರಿಂದ ಅವನ ಗುಟ್ಟಿನ ಮಾತೂ ಬೀದಿಗೆ ಕೇಳುವಂತಿರುತ್ತಿತ್ತು.

"ಮೊಳೆ ಹೊಡೀತಿದೀಯೇನೇ? ಕೀ ಹೋಗಿ ತಳಕ್ಕೆ ಗುದ್ದುತ್ತಿದೆ. ನನ್ನ ಹಲಗೆ ಒಳಗೆ ಟೊಳ್ಳು, ತಮಟೆ ಥರ ಬಾರಿಸುತ್ತೆ. ಯಾಕಷ್ಟು ಜೋರು?"

ಅವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು. ಸದ್ದಿಲ್ಲ, ಉಬ್ಬಿಲ್ಲ, ಅಕ್ಷರ ಬಿತ್ತೋ ಇಲ್ಲವೋ ತಿಳಿಯದೆ ಪ್ರತಿ ಕೀಯನ್ನೂ ತಳ ಮುಟ್ಟಿಸಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ದಿಂಬು ಆ ಗುದ್ದನ್ನೆಲ್ಲ ನುಂಗಿತ್ತು.

ಚೀಲದಿಂದ ಕಂದು ಪೊಟ್ಟಣ ಹೊರಬಂತು. ಅಣ್ಣ ಪುಟ್ಟ ಚಿಮ್ಮಟದಿಂದ ಬಿಳಿಯದನ್ನು ಕೀಳುತ್ತ ಹೋದ, ಅವಳು ಕಂದನ್ನು ಕೂರಿಸುತ್ತ ಬಂದಳು. ಆಮೇಲೆ ಅವನು ಮತ್ತೆ ಹಲಗೆಗೆ ಅಂಗೈ ಒತ್ತಿದ. ಅವಳು ಉಬ್ಬು ತಾಗಿದ ಕೂಡಲೇ ಬೆರಳೆತ್ತುತ್ತ ಟೈಪ್ ಮಾಡಿದಳು. ಮೊದಲಿಗೆ ಅಣ್ಣ ಮುಖ ಸಿಂಡರಿಸಿದ. ಅವಳು ಇನ್ನೂ ಹಗುರವಾದಳು. ಸ್ವಲ್ಪ ಹೊತ್ತಿಗೆ ಅವನು ತಲೆಯೆತ್ತಿ ಕೇಳಿದ: "ಯಾಕೆ ನಿಲ್ಲಿಸಿದೆ?"

ಅವಳು ನಿಲ್ಲಿಸಿರಲಿಲ್ಲ.

ಮೇಷ್ಟ್ರು ಬಂದು ಪೂರ್ತಿ ತಾಲೀಮು ನೋಡಿದರು. ಪರದೆಯ ಸುದ್ದಿಗೇ ಹೋಗಲಿಲ್ಲ. ಹಾಸ್ಯನಟನಿಗೆ ಮಾತ್ರ ಬೈಗುಳ ಬಿತ್ತು. ಮಂತ್ರಿಯಾಗಿದ್ದ ಅವನು, "ಸಿಂಹಾಸನ ಯಾಕೆ ಅಲ್ಲಾಡ್ತಿದೆ?" ಎಂದು ರಾಜ ಕೇಳಿದ್ದಕ್ಕೆ ಭೂಕಂಪ ಎನ್ನುವುದು ಬಿಟ್ಟು ತನ್ನದೇ ಮಾತು ಸೇರಿಸಿದ್ದ.

ಪ್ರದರ್ಶನದ ದಿನ ಸಭಾಂಗಣ ತುಂಬಿತ್ತು. ರಾಜ ಅದೇ ಪ್ರಶ್ನೆ ಕೇಳಿದ. ಮಂತ್ರಿಯ ಎಡ ಹುಬ್ಬು ಮೇಲೇರಿತು. ರೈಲಕ್ಕನಿಗೆ ಆ ಹುಬ್ಬಿನ ಮರ್ಮ ಗೊತ್ತಿತ್ತು; ಬೈಸಿಕೊಂಡ ಮಾತನ್ನೇ ಮತ್ತೆ ಆಡುತ್ತಾನೆ. ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪರದೆಯ ಮೇಲೆ ಮೂಡಿತು: "ಸಿಂಹಾಸನ ಗಟ್ಟಿಯಾಗೇ ಇದೆ ಪ್ರಭು. ಅಲ್ಲಾಡ್ತಿರೋದು ನೀವು."

ಆ ಸಿಂಹಾಸನ ಮಾಡಿದವನು ಹೋ ಎಂದು ನಕ್ಕ. ರಂಗವನ್ನೇ ನೋಡುತ್ತಿದ್ದ ಜನ ಇವನಿಗೇನಾಯಿತೆಂದು ತಿರುಗಿದರು. ಆಮೇಲೆ ಮಂತ್ರಿ ಬಾಯಿ ತೆರೆದು ಮಾತಾಡಿದ; ಸಭಾಂಗಣ ಗೊಳ್ಳೆಂದಿತು. ಅಣ್ಣ ಹಿಂತಿರುಗಿ ಸಾಲುಸಾಲು ನಗುವ ಬಾಯಿಗಳನ್ನು ನೋಡಿದ. ತಾನು ಮೊದಲು ನಕ್ಕೆನೆಂಬುದು ಅವನಿಗೆ ಹೊಳೆಯಿತು.

"ಏನ್ರಪ್ಪಾ," ಎಂದ ತನ್ನ ದೊಡ್ಡ ದನಿಯಲ್ಲಿ, "ನಿಮಗೆ ಈಗ ಗೊತ್ತಾಯ್ತಾ?"

ರೈಲಕ್ಕ ಅದನ್ನೂ ಟೈಪ್ ಮಾಡಿದಳು. ಕಣ್ಣು ಮಂಜಾಗಿತ್ತು, ಬೆರಳು ತಪ್ಪಲಿಲ್ಲ. ಅಣ್ಣ ಇತ್ತ ತಿರುಗಿ ಪರದೆಯ ಮೇಲೆ ತನ್ನದೇ ಮಾತನ್ನು ಓದಿದ. ಸಭೆ ನಕ್ಕಿತು, ಅವನೂ ನಕ್ಕ. ಈ ಸಲ ಯಾರೂ ಹಿಂದೆ ಬೀಳಲಿಲ್ಲ.